ಮೊದಲು ಗುಣಿಸು, ಆಮೇಲೆ ಭಾಗಿಸು

ಐದು ಸೇರು ತುಪ್ಪಕ್ಕೆ 7 ರೂಪಾಯಿಯಾದರೆ ಎಂಟು ಸೇರಿಗೆ ಎಷ್ಟು? ಇಂದಿನ ವಿದ್ಯಾರ್ಥಿ ಮೊದಲು ಒಂದು ಸೇರಿನ ಬೆಲೆ ಕಂಡುಹಿಡಿಯುತ್ತಾನೆ. ನಮ್ಮ ಪ್ರಾಚೀನ ಗಣಿತಜ್ಞರು ಆ ಗೋಜಿಗೆ ಹೋಗಲಿಲ್ಲ. ಅವರದು ತ್ರೈರಾಶಿಕ, ತಿಳಿದ ಮೂರು ರಾಶಿಗಳಿಂದ ತಿಳಿಯದ ನಾಲ್ಕನೆಯದನ್ನು ಪಡೆಯುವ ಕ್ರಮ. ಇಲ್ಲಿ ಐದು ಸೇರು ‘ಪ್ರಮಾಣ’, ಏಳು ರೂಪಾಯಿ ‘ಫಲ’, ಎಂಟು ಸೇರು ‘ಇಚ್ಛೆ’. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು.

ಕ್ರಿ.ಶ. 499ರ ಆರ್ಯಭಟೀಯದಲ್ಲೇ ಈ ಸೂತ್ರವಿದೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಅದು ಸಂಸ್ಕೃತ ಗ್ರಂಥ. ಹನ್ನೆರಡನೇ ಶತಮಾನದ ರಾಜಾದಿತ್ಯ ಈ ವಿದ್ಯೆಯನ್ನು ಕನ್ನಡದಲ್ಲಿ ಹೇಳಿದ. ಅವನ ಕೃತಿಯ ಹೆಸರು ‘ವ್ಯವಹಾರಗಣಿತ’. ಪಂಡಿತರಿಗಿಂತ ಕೊಡುಕೊಳ್ಳುವವರಿಗೆ ಬೇಕಾದ ಲೆಕ್ಕ ಅದು.

ಗುಣಾಕಾರ ಮೊದಲೇಕೆ? ಆಣೆ ಪೈಗಳ ಕಾಲಕ್ಕೆ ಹೋದರೆ ಉತ್ತರ ಸಿಗುತ್ತದೆ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮೇಲಿನ ತುಪ್ಪದ ಸೇರಿಗೆ 1 ರೂಪಾಯಿ 6 ಆಣೆ 4 ಪೈ. ಅದರ ಮೇಲೆ ಒಂದು ಪೈಯ ಐದರಲ್ಲಿ ನಾಲ್ಕು ಪಾಲು. ಅಂಥ ನಾಣ್ಯ ಎಲ್ಲಿಂದ ತರುವುದು? ಆ ಚೂರನ್ನು ಬಿಟ್ಟು ಎಂಟರಿಂದ ಗುಣಿಸಿದರೆ ಮಾರುವವನಿಗೆ ಅರ್ಧ ಆಣೆಗೂ ಮೀರಿದ ನಷ್ಟ. ಮೊದಲೇ ಗುಣಿಸಿದರೆ 56 ರೂಪಾಯಿ. ಭಾಗಾಕಾರ ಕೊನೆಯಲ್ಲಿ ಒಂದೇ ಸಲ. ಬಿಟ್ಟುಹೋಗುವ ಚೂರು ಒಂದು ಪೈಯನ್ನೂ ಮುಟ್ಟದು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು, ಪೈ ಹೋಯಿತು. ಚೂರಿನ ತಕರಾರು ಮಾತ್ರ ಹೋಗಲಿಲ್ಲ.

ಪೊಟ್ಟಣದ ಮೇಲೆ ಘಟಕ ಬೆಲೆಯನ್ನೂ ಮುದ್ರಿಸಬೇಕೆಂದು 2021ರಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿತು. ಒಂದು ಕಿಲೋಗಿಂತ ಕಡಿಮೆ ತೂಕವಿದ್ದರೆ ಗ್ರಾಮಿನ ಬೆಲೆ, ಅದೂ ಪೈಸೆಯ ಮಟ್ಟಕ್ಕೆ ಸರಿಹೊಂದಿಸಿ. ಕೊಳ್ಳುವವರಿಗೆ ಉಪಕಾರವೇ ಸರಿ. ಆದರೆ 400 ಗ್ರಾಂ ಪೊಟ್ಟಣಕ್ಕೆ 84 ರೂಪಾಯಿ, 900 ಗ್ರಾಮಿನದಕ್ಕೆ 193 ರೂಪಾಯಿ ಎಂದಿಟ್ಟುಕೊಳ್ಳಿ. ಎರಡರ ಮೇಲೂ ಗ್ರಾಮಿಗೆ 21 ಪೈಸೆ ಎಂದೇ ಇರುತ್ತದೆ. ದೊಡ್ಡದನ್ನು ಕೊಂಡರೆ ಅಗ್ಗವೆಂಬ ನಂಬಿಕೆ ಬೇರೆ! ಭಾಗಿಸದೆ ಗುಣಿಸಿ ನೋಡಿ. ಸಣ್ಣವು ಒಂಬತ್ತು, ದೊಡ್ಡವು ನಾಲ್ಕು. ಎರಡೂ ಕಡೆ 3,600 ಗ್ರಾಂ. ಸಣ್ಣವಕ್ಕೆ 756 ರೂಪಾಯಿ, ದೊಡ್ಡವಕ್ಕೆ 772.