‘ಲೋಡ್ ಆಜಾ ಇಲ್ಯಾ?’ – ಘಟ್ಟದ ಮೇಲಿನ ಮೆಣಸು ಮತ್ತು ಹಡಗಿನ ತಾರೀಕು

ಇವತ್ತಿನ ಇತಿಹಾಸದ ಕಥೆ ನಾನು ಹೇಳಿದ ಒಂದು ಸುಳ್ಳಿನಿಂದ ಶುರುವಾಗುತ್ತೆ. ಬೇಕಂತ ಹೇಳಿದ್ದಲ್ಲ, ಗೊತ್ತಿಲ್ಲದೆ ಹೇಳಿದ್ದು.

ಬಿ.ಕಾಂ. ಮುಗಿಸಿ ನಾನು ಬಂದರೊಂದರ ಹತ್ತಿರದ ಸಣ್ಣ ಆಫೀಸಿನಲ್ಲಿ ರಫ್ತು ದಾಖಲೆ ತಯಾರಿಸುವ ಕೆಲಸಕ್ಕೆ ಸೇರಿದ್ದೆ. ಆಗ ನಮ್ಮ ಕಡೆಯ ಕಾಳುಮೆಣಸು ತುಂಬಿದ ಇಪ್ಪತ್ತು ಅಡಿಯ ಕಂಟೇನರ್ ಒಂದು ನಮ್ಮ ಮೂಲಕ ಹೊರಟಿತ್ತು. ಸಿರಸಿ, ಸಿದ್ದಾಪುರ, ಯಲ್ಲಾಪುರದ ಹತ್ತಾರು ಮನೆಗಳ ಮಾಲು. ಸಿದ್ದಾಪುರದ ಕಡೆಯ ನಮ್ಮ ದೊಡ್ಡಪ್ಪನ ಮೆಣಸೂ ಅದರಲ್ಲಿತ್ತು. ರಫ್ತುದಾರನಿಗೆ ಹೊರದೇಶದಿಂದ ಹಣ ಬಂದ ಮೇಲೇ ದೊಡ್ಡಪ್ಪನಿಗೆ ಬಾಕಿ ಸಿಗಬೇಕು, ಆ ದುಡ್ಡಲ್ಲೇ ಕೊನೆಗೌಡರ ಲೆಕ್ಕ ಚುಕ್ತಾ ಆಗಬೇಕು. ದಿನಕ್ಕೆ ಎರಡು ಸಲ ಫೋನು: ‘ತಮಾ, ಲೋಡ್ ಆಜಾ ಇಲ್ಯಾ?’ ಹವ್ಯಕರ ಮಾತಲ್ಲಿ, ಲೋಡ್ ಆಗಿದೆಯೋ ಇಲ್ಲವೋ ಅಂತ.

ಸ್ಕ್ರೀನ್ ನೋಡಿದೆ. ‘ಗೇಟ್ ಇನ್’ ಅಂತಿತ್ತು. ‘ಆಜು ದೊಡ್ಡಪ್ಪ’ ಅಂದುಬಿಟ್ಟೆ.

ಆಗಿರಲಿಲ್ಲ. ಗೇಟ್ ಇನ್ ಅಂದ್ರೆ ಕಂಟೇನರ್ ಬಂದರಿನ ಗೇಟು ದಾಟಿ ಯಾರ್ಡಿಗೆ ಬಂತು ಅಂತ, ಅಷ್ಟೇ. ಹಡಗಿನಲ್ಲಿ ಜಾಗ ಸಾಲದೆ ನಮ್ಮದನ್ನು ಕೆಳಗೇ ಬಿಟ್ಟು ಹೋಗಿದ್ರು. ಈ ಧಂದೆಯಲ್ಲಿ ಅದಕ್ಕೆ ‘ರೋಲ್ ಆಯ್ತು’ ಅಂತಾರೆ. ಮುಂದಿನ ಹಡಗು ಹತ್ತುವಷ್ಟರಲ್ಲಿ ಎಲ್.ಸಿ.ಯಲ್ಲಿ, ಅಂದ್ರೆ ಕೊಳ್ಳುವವನ ಬ್ಯಾಂಕು ಕೊಟ್ಟ ಖಾತರಿ ಪತ್ರದಲ್ಲಿ, ಬರೆದಿದ್ದ ಕೊನೆಯ ದಿನ ಮೀರಿ ಮೂರು ದಿನ ಆಗಿತ್ತು.

ಆಗ ಆಫೀಸಿನ ಹಿರಿಯರೊಬ್ಬರು ಮೆಲ್ಲಗೆ ಹೇಳಿದ್ರು, ‘ಬಿಲ್ ಆಫ್ ಲೇಡಿಂಗ್ ಮೇಲೆ ತಾರೀಕು ಸ್ವಲ್ಪ ಹಿಂದೆ ಹಾಕಿಸಿದ್ರೆ ಮುಗೀತು. ಯಾರು ನೋಡ್ತಾರೆ?’ ಆ ಮಾತು ತಲೆಯಲ್ಲಿ ಉಳಿದುಬಿಡ್ತು. ‘ಯಾರು ನೋಡ್ತಾರೆ’ ಅನ್ನೋ ಪ್ರಶ್ನೆಗೆ ಎಷ್ಟು ವಯಸ್ಸು ಅಂತ ಹುಡುಕ್ತಾ ಹೋದೆ.

ಮೊದಲು ನಮ್ಮ ಘಟ್ಟದ ಬುಡಕ್ಕೇ ಹೋಗೋಣ. ಹದಿನಾರನೇ ಶತಮಾನ. ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಅಂತ ಕರೆದಿದ್ದು ನಿಮಗೆ ಗೊತ್ತೇ ಇರುತ್ತೆ. ಘಟ್ಟದ ಮೇಲಿನ ಮೆಣಸು ಕೆಳಗಿಳಿದು ಗೇರುಸೊಪ್ಪೆಗೆ ಬರೋದು, ಅಲ್ಲಿಂದ ಶರಾವತಿಯಲ್ಲಿ ದೋಣಿ ಮೇಲೆ ಹೊನ್ನಾವರಕ್ಕೆ. ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರು 1569ರಲ್ಲಿ ಹಿಡಿದರು. ಅದೂ ಈ ಮೆಣಸಿನ ಆಸೆಯಿಂದಲೇ. ಆ ಕಾಲದಲ್ಲಿ ಲೋಡ್ ಆಯ್ತಾ ಅಂತ ತಿಳಿಯೋದು ಕಷ್ಟ ಇರಲಿಲ್ಲ. ಚೀಲ ಹೊತ್ತವನು, ಕೊಟ್ಟವನು, ಕೊಂಡವನು ಎಲ್ಲರೂ ದಡದಲ್ಲೇ ಇರ್ತಿದ್ರು. ಕಣ್ಣೇ ಸಾಕ್ಷಿ. ತೋಟದವನು ಮಾತ್ರ ಆಗಲೂ ಘಟ್ಟದ ಮೇಲೇ ಇದ್ದ ಅನ್ನೋದು ನನ್ನ ಊಹೆ.

ತೊಂದರೆ ಶುರುವಾಗಿದ್ದು ಮಾಲಿನ ಬದಲು ಕಾಗದ ಕೈ ಬದಲಾಯಿಸೋಕೆ ಶುರುವಾದಾಗ. ಹಡಗಿನ ಕಪ್ತಾನ ‘ಇಷ್ಟು ಮಾಲು ಹಡಗಿಗೆ ಬಂತು’ ಅಂತ ಸಹಿ ಹಾಕಿದ ಕಾಗದವೇ ಬಿಲ್ ಆಫ್ ಲೇಡಿಂಗ್. ಅದನ್ನು ಮಾರಬಹುದು, ಅಡವಿಟ್ಟು ಸಾಲ ತಗೋಬಹುದು. ಹಾಗಾದ್ರೆ ಮಾಲೇ ಹತ್ತಿಸದೆ ಸಹಿ ಹಾಕಿದ್ರೆ?

ಅದೂ ಆಯ್ತು, ನಮ್ಮ ಕಲ್ಕತ್ತದಲ್ಲೇ. ‘ಬೆಲ್’ ಅನ್ನೋ ಹಡಗಿನ ಕಪ್ತಾನ ಹನ್ನೆರಡು ಬೇಲ್ ರೇಷ್ಮೆ ಹತ್ತಿದೆ ಅಂತ ಸಹಿ ಹಾಕಿದ. ಹಡಗಿನಲ್ಲಿ ರೇಷ್ಮೆ ಇರಲೇ ಇಲ್ಲ. ಕಾಗದ ನಂಬಿ ದುಡ್ಡು ಕೊಟ್ಟವರು ಲಂಡನ್ನಿನಲ್ಲಿ ಕೇಸು ಹಾಕಿದ್ರು. 1851ರಲ್ಲಿ ತೀರ್ಪು ಬಂತು, ಗ್ರಾಂಟ್ ವಿರುದ್ಧ ನಾರ್ವೆ. ಹತ್ತದ ಮಾಲಿಗೆ ಸಹಿ ಹಾಕೋ ಅಧಿಕಾರವೇ ಕಪ್ತಾನನಿಗಿಲ್ಲ, ಆದ್ದರಿಂದ ಹಡಗಿನ ಮಾಲೀಕರು ಹೊಣೆ ಅಲ್ಲ ಅಂತ. ನಂಬಿದವರು ಮುಳುಗಿದರು.

ಕೆಲವೇ ವರ್ಷಗಳಲ್ಲಿ, 1856ರಲ್ಲಿ, ಭಾರತದಲ್ಲಿ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ ಬಂತು. ಕೇವಲ ಮೂರು ಕಲಂ. ಮೂರನೆಯದರ ಸಾರ ಇದು: ಒಳ್ಳೆ ನಂಬಿಕೆಯಿಂದ ದುಡ್ಡು ಕೊಟ್ಟು ಕಾಗದ ಪಡೆದವನ ಎದುರು, ಸಹಿ ಹಾಕಿದವನು ‘ಮಾಲು ಹತ್ತಿರಲೇ ಇಲ್ಲ’ ಅಂತ ನುಣುಚಿಕೊಳ್ಳುವಂತಿಲ್ಲ. ಈ ಪುಟ್ಟ ಕಾಯ್ದೆ 2025ರಲ್ಲಿ ಹೊಸ ಕಾಯ್ದೆ ಬರೋವರೆಗೂ, ಸುಮಾರು 169 ವರ್ಷ ನಡೀತು. ಕಾಲೇಜಿನಲ್ಲಿ ಇದನ್ನ ಅರ್ಧ ಪುಟದಲ್ಲಿ ಮುಗಿಸಿದ್ರು. ನಾನೂ ಐದು ಮಾರ್ಕಿಗೆ ಬರೆದು ಮರೆತಿದ್ದೆ.

ಇತ್ತ 1860ರ ದಶಕದಲ್ಲಿ ನಮ್ಮ ಘಟ್ಟದ ರಸ್ತೆಗಳಲ್ಲಿ ಹತ್ತಿ ಗಾಡಿಗಳ ಸಾಲು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು, ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮದು ಬೇಕಾಯ್ತು. ಧಾರವಾಡ ಕಡೆಯ ಹತ್ತಿ ಸಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರೋದು. ಯಲ್ಲಾಪುರ, ಅರಬೈಲು ಘಟ್ಟದ ದಾರಿ ಕಾರವಾರಕ್ಕೆ. ಕಾರವಾರ ಬಂದರಿನ ಆಸೆಗೇ 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ರು. ತಮಾಷೆ ನೋಡಿ, ಕುಮಟಾದಲ್ಲಿ ಒಂದು ಗಿಡವನ್ನೂ ಬೆಳೆಯದ ಈ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಅಂತಲೇ ಹೆಸರು. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು! ಕೊಳ್ಳುವವನಿಗೆ ಮಾಲು ಹುಟ್ಟೋದೇ ಹಡಗು ಹತ್ತಿದ ಕ್ಷಣದಲ್ಲಿ.

ಆಗಿನ ಹಡಗುಗಳಲ್ಲಿ ಅಧಿಕಾರಿಯೊಬ್ಬ ಬಂದ ಮಾಲು ಎಣಿಸಿ ರಸೀದಿ ಬರೆದುಕೊಡ್ತಿದ್ದ, ಮೇಟ್ಸ್ ರಿಸೀಟ್ ಅಂತ. ಒದ್ದೆ ಆಗಿದ್ರೆ, ಹರಿದಿದ್ರೆ ಅದನ್ನೂ ಬರೀತಿದ್ದ. ಆ ರಸೀದಿ ಕೊಟ್ಟೇ ಬಿಲ್ ಆಫ್ ಲೇಡಿಂಗ್ ತಗೋಬೇಕು. ಅಂದ್ರೆ ಕಾಗದದ ಹಿಂದೆ ಒಬ್ಬ ಮನುಷ್ಯನ ಕಣ್ಣಿತ್ತು.

ಆ ಕಣ್ಣನ್ನ ತೆಗೆದಿದ್ದು ಕಂಟೇನರ್. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿಯ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಈಗ ಮಾಲು ತುಂಬೋದು ಗೋದಾಮಿನಲ್ಲಿ, ಸೀಲ್ ಬೀಳೋದು ಅಲ್ಲೇ. ಒಳಗೆ ಮೆಣಸಿದೆಯೋ ಮಣ್ಣಿದೆಯೋ ಹಡಗಿನವನು ನೋಡೋದಿಲ್ಲ. ‘ಇದೆ ಎಂದು ಹೇಳಲಾಗಿದೆ’ ಅಂತ ಬರೆದು ಕೈ ತೊಳ್ಕೊಳ್ತಾನೆ. ಇನ್ನೊಂದು, ಯಾರ್ಡಿನಲ್ಲಿ ಪೆಟ್ಟಿಗೆ ಒಪ್ಪಿಸೋದಕ್ಕೂ ಕ್ರೇನು ಅದನ್ನ ಎತ್ತಿ ಹಡಗಿಗೆ ಇಡೋದಕ್ಕೂ ನಡುವೆ ದಿನಗಟ್ಟಲೆ ಅಂತರ ಬಂತು. ‘ಸಾಗಣೆಗೆ ಸ್ವೀಕರಿಸಿದೆ’ ಬೇರೆ, ‘ಹಡಗಿಗೆ ಹತ್ತಿದೆ’ ಬೇರೆ. 2007ರ ಜುಲೈನಿಂದ ಜಾರಿಯಲ್ಲಿರುವ ಬ್ಯಾಂಕುಗಳ ಅಂತರರಾಷ್ಟ್ರೀಯ ನಿಯಮ, ಯುಸಿಪಿ 600, ಬಿಲ್ ಆಫ್ ಲೇಡಿಂಗ್‌ನಲ್ಲಿ ಕೇಳೋದು ಎರಡನೆಯದನ್ನೇ. ನಮ್ಮ ಕಸ್ಟಮ್ಸ್ ಕೂಡ ಅಷ್ಟೇ: ಹಡಗಿನವರು ‘ಇ.ಜಿ.ಎಂ.’ ಎನ್ನುವ ರಫ್ತು ಪಟ್ಟಿ ಸಲ್ಲಿಸದೆ ರಫ್ತುದಾರನಿಗೆ ಐಜಿಎಸ್‌ಟಿ ಮರುಪಾವತಿ ಬರಲ್ಲ.

ನಾನು ದೊಡ್ಡಪ್ಪನಿಗೆ ‘ಆಜು’ ಅಂದಿದ್ದು ಆ ಅಂತರದಲ್ಲಿ ನಿಂತು.

ತಾರೀಕು ಹಿಂದೆ ಹಾಕಿಸಲಿಲ್ಲ. ನಮ್ಮ ಪ್ರಾಮಾಣಿಕತೆ ಅಂತ ಕೊಚ್ಚಿಕೊಳ್ಳಲ್ಲ; ರಫ್ತುದಾರನೇ ಹೆದರಿ ಬೇಡ ಅಂದ. ಹಡಗು ಯಾವತ್ತು ಎಲ್ಲಿತ್ತು ಅಂತ ಈಗ ಯಾರು ಬೇಕಾದರೂ ಫೋನಲ್ಲೇ ನೋಡ್ತಾರಲ್ಲ. ನಿಜವಾದ ತಾರೀಕಿನ ಕಾಗದ ಹೋಯ್ತು, ಬ್ಯಾಂಕು ತಪ್ಪು ತೋರಿಸ್ತು, ಕೊಳ್ಳುವವನು ದರ ಇಳಿಸಿ ತಗೊಂಡ. ಆ ಇಳಿಕೆ ಮೇಲಿಂದ ಕೆಳಕ್ಕೆ ಜಾರಿ ಜಾರಿ ಕೊನೆಗೆ ಸಿದ್ದಾಪುರದ ಅಂಗಳದಲ್ಲಿ ಮೆಣಸು ಒಣಗಿಸಿದವರ ತಲೆ ಮೇಲೂ ಬಿತ್ತು. ದೊಡ್ಡಪ್ಪನ ಬಾಕಿ ಎರಡು ತಿಂಗಳು ತಡವಾಗಿ ಬಂತು, ಕಡಿಮೆ ಬಂತು.

ಆ ಕೆಲಸ ಬಿಟ್ಟು ಈಗ ನಾನು ಮೈಕಿನ ಮುಂದಿದ್ದೀನಿ. ಆದ್ರೂ ಮೆಣಸಿನ ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪನ ಫೋನು ಬರುತ್ತೆ, ಕಂಟೇನರ್ ನಂಬರ್ ಓದಿ ಹೇಳ್ತಾರೆ, ನಾನು ನೋಡಿ ಹೇಳ್ತೀನಿ. ‘ಆಜು’ ಅಂದ್ರೆ ಸಾಲೋದಿಲ್ಲ ಈಗ. ಮರುಪ್ರಶ್ನೆ ತಯಾರಿರುತ್ತೆ: ‘ಗೇಟಿನ ಒಳಗಾ, ಹಡಗಿನ ಮೇಲಾ?’