ಪರಿಣತರ ಉಚಿತ ಸೇವೆ ಪಡೆಯಲು ಸಂಘ-ಸಂಸ್ಥೆಗಳಿಗೆ ಇರಬೇಕಾದ ಅರ್ಹತೆಗಳು



ಯುಗಾದಿ, ರಾಜ್ಯೋತ್ಸವ ಬಂದಾಗ ಸಭಾಂಗಣದ ಬಾಡಿಗೆ, ಊಟದ ಖರ್ಚು ಎಲ್ಲವನ್ನೂ ಹೇಗೋ ಹೊಂದಿಸಿಕೊಳ್ಳುತ್ತೇವೆ. ಆದರೆ ಸದಸ್ಯರ ಪಟ್ಟಿ ಇಡಲು ಒಳ್ಳೆಯ ತಂತ್ರಾಂಶ ಬೇಕಾದಾಗ, ಮಕ್ಕಳ ಕನ್ನಡ ತರಗತಿಗೆ ಅಂತರ್ಜಾಲ ತಾಣ ಬೇಕಾದಾಗ, ಬೈಲಾ ತಿದ್ದಲು ವಕೀಲರು ಬೇಕಾದಾಗ ಸಣ್ಣ ಸಂಘಕ್ಕೆ ಕೈ ಕಟ್ಟಿದಂತಾಗುತ್ತದೆ. ಇಂಥ ಕೆಲಸಕ್ಕೆ ಜರ್ಮನಿಯಲ್ಲಿ ಗಂಟೆಗೆ ಇಷ್ಟು ಯೂರೋ ಎಂದು ಕೊಟ್ಟು ಮಾಡಿಸುವುದು ನಮ್ಮಂಥವರ ಚಂದಾ ಹಣದಲ್ಲಿ ಆಗುವ ಮಾತಲ್ಲ. ಅದೇ ಕೆಲಸವನ್ನು ಪರಿಣತರು ಉಚಿತವಾಗಿ ಮಾಡಿಕೊಡುವ ಏರ್ಪಾಡುಗಳೂ ಇವೆ. ಅವನ್ನು ಪಡೆಯಲು ಸಂಘಕ್ಕೆ ಯಾವ ಅರ್ಹತೆಗಳಿರಬೇಕು ಎಂಬುದನ್ನು ಇಲ್ಲಿ ಒಂದೆಡೆ ಕೊಟ್ಟಿದ್ದೇವೆ. ಮ್ಯೂನಿಕ್ ಮತ್ತು ಸುತ್ತಲಿನ ಊರುಗಳಲ್ಲಿ ಸಂಘ ನಡೆಸುವವರಿಗೂ, ಹೊಸದಾಗಿ ಕಟ್ಟಬೇಕೆಂದಿರುವವರಿಗೂ ಇದು ಉಪಯೋಗವಾದೀತು.

ಸೇವಾ ಅನುದಾನ ಎಂದರೇನು?

'ಪ್ರೋ ಬೋನೋ ಪುಬ್ಲಿಕೋ' ಎಂಬುದು ಲ್ಯಾಟಿನ್ ಮಾತು. ಸಾರ್ವಜನಿಕರ ಒಳಿತಿಗಾಗಿ ಎಂದು ಅದರ ಅರ್ಥ. ಮೊದಲು ವಕೀಲರು ಬಡವರ ಮೊಕದ್ದಮೆಗಳನ್ನು ಶುಲ್ಕವಿಲ್ಲದೆ ನಡೆಸುವುದಕ್ಕೆ ಈ ಹೆಸರಿತ್ತು. ಈಗ ತಂತ್ರಾಂಶ, ಲೆಕ್ಕಪತ್ರ, ವಿನ್ಯಾಸ, ಪ್ರಚಾರ ಎಲ್ಲಕ್ಕೂ ಬಳಕೆಯಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2001ರಲ್ಲಿ ಆರಂಭವಾದ ಟ್ಯಾಪ್‌ರೂಟ್ ಫೌಂಡೇಶನ್ ಇದನ್ನು 'ಸೇವಾ ಅನುದಾನ' ಎಂಬ ರೂಪಕ್ಕೆ ತಂದಿತು. ಆಯ್ಕೆಯಾದ ಸಂಸ್ಥೆಗೆ ಹಣದ ಬದಲು ಪರಿಣತರ ಒಂದು ತಂಡ ಸಿಗುತ್ತಿತ್ತು. ಆ ತಂಡ ಗೊತ್ತಾದ ಕೆಲಸವನ್ನು ಗೊತ್ತಾದ ಅವಧಿಯಲ್ಲಿ ಮುಗಿಸಿಕೊಡುತ್ತಿತ್ತು.

ಹಣ ಬರುವುದಿಲ್ಲವಾದ್ದರಿಂದ ಅರ್ಹತೆ ಸಡಿಲವಾಗಿರುತ್ತದೆ ಎಂದು ತಿಳಿಯಬಾರದು. ನೂರು ಗಂಟೆಯ ಪರಿಣತಿ ಕೊಡುವವರು ಹಣ ಕೊಡುವವರಷ್ಟೇ ಕಾಗದ ಪತ್ರ ಕೇಳುತ್ತಾರೆ, ಜೊತೆಗೆ ನಮ್ಮ ಸಿದ್ಧತೆಯನ್ನೂ ನೋಡುತ್ತಾರೆ.

ಉಂಟರ್‌ಫ್ಯೋರಿಂಗ್ ಸುತ್ತಮುತ್ತ

ಮ್ಯೂನಿಕ್ ವಿಮಾನ ನಿಲ್ದಾಣಕ್ಕೆ ಹೋಗುವ ಎಸ್8 ರೈಲಿನಲ್ಲಿ ಕುಳಿತವರೆಲ್ಲ ಉಂಟರ್‌ಫ್ಯೋರಿಂಗ್ ದಾಟಿಯೇ ಹೋಗುತ್ತೇವೆ. ಊರು ಚಿಕ್ಕದು, ಕಚೇರಿಗಳು ದೊಡ್ಡವು. ಪ್ರೋಸೀಬೆನ್‌ಸಾಟ್.1 ಟೆಲಿವಿಷನ್ ಸಂಸ್ಥೆಯ ಮುಖ್ಯ ಕಚೇರಿಯೂ, ಅಲಿಯಾನ್ಸ್ ವಿಮಾ ಕಂಪನಿಯ ದೊಡ್ಡ ಕಚೇರಿ ಸಮುಚ್ಚಯವೂ ಇಲ್ಲಿವೆ. ಈ ಎರಡೂ ಹೆಸರುಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. 2001ರಲ್ಲಿ ಜರ್ಮನಿಯಲ್ಲಿ ಆರಂಭವಾದ 'ಸ್ಟಾರ್ಟ್‌ಸೋಶಿಯಲ್' ಯೋಜನೆಯನ್ನು ಬೆಂಬಲಿಸುತ್ತ ಬಂದ ಕಂಪನಿಗಳಲ್ಲಿ ಇವೂ ಸೇರಿವೆ.

ಸ್ಟಾರ್ಟ್‌ಸೋಶಿಯಲ್ ಒಂದು ಸ್ಪರ್ಧೆಯ ರೂಪದಲ್ಲಿದೆ. ಅರ್ಜಿ ಹಾಕಿದವರಲ್ಲಿ 100 ಸಂಸ್ಥೆಗಳಿಗೆ 'ಸಲಹಾ ವಿದ್ಯಾರ್ಥಿವೇತನ' ಎಂಬ ಹೆಸರಿನಲ್ಲಿ ಸುಮಾರು ನಾಲ್ಕು ತಿಂಗಳ ಉಚಿತ ಮಾರ್ಗದರ್ಶನ ಸಿಗುತ್ತದೆ. ಪ್ರತಿ ಸಂಸ್ಥೆಗೆ ಇಬ್ಬರು ಪರಿಣತರು. ಆಯ್ಕೆಯಾಗದವರಿಗೂ ತೀರ್ಪುಗಾರರ ಲಿಖಿತ ಅಭಿಪ್ರಾಯ ಬರುತ್ತದೆ, ಅದೂ ಒಂದು ಲಾಭವೇ. ಇಲ್ಲಿ ಮುಖ್ಯವಾಗಿ ನೋಡುವುದು ಎರಡನ್ನು: ಸಂಸ್ಥೆ ಒಂದು ಸಾಮಾಜಿಕ ಸಮಸ್ಯೆಯನ್ನು ಎತ್ತಿಕೊಂಡಿರಬೇಕು ಮತ್ತು ಸ್ವಯಂಸೇವಕರು ಅದರಲ್ಲಿ ದುಡಿಯುತ್ತಿರಬೇಕು. ನೋಂದಣಿಯ ರೂಪಕ್ಕಿಂತ ಕೆಲಸಕ್ಕೆ ಹೆಚ್ಚು ತೂಕ.

ತಂತ್ರಾಂಶ ಬೇಕಾದವರಿಗೆ ಮ್ಯೂನಿಕ್‌ನಲ್ಲೇ ಇರುವ 'ಹೌಸ್ ಡೆಸ್ ಸ್ಟಿಫ್ಟೆನ್ಸ್' ಸಂಸ್ಥೆ ನಡೆಸುವ ಏರ್ಪಾಡು ಇದೆ. ಕಾನೂನು ಸಲಹೆಯ ಕ್ಷೇತ್ರದಲ್ಲಿ 2011ರಲ್ಲಿ ವಕೀಲರ ಸಂಸ್ಥೆಗಳು ಸೇರಿ ಕಟ್ಟಿದ 'ಪ್ರೋ ಬೋನೋ ಡಾಯ್ಚ್‌ಲ್ಯಾಂಡ್' ಇದೆ. ಒಂದೊಂದರ ನಿಯಮ ಒಂದೊಂದು ರೀತಿ. ಆದರೂ ಮುಂದೆ ಹೇಳುವ ಮೂರು ಅರ್ಹತೆಗಳು ಕೈಯಲ್ಲಿದ್ದರೆ ಹೆಚ್ಚಿನ ಬಾಗಿಲುಗಳನ್ನು ಧೈರ್ಯವಾಗಿ ತಟ್ಟಬಹುದು.

ಮೊದಲ ಅರ್ಹತೆ: ನೋಂದಣಿ

ಜರ್ಮನಿಯಲ್ಲಿ ಸಂಘಕ್ಕೆ 'ಫೆರೈನ್' ಎನ್ನುತ್ತಾರೆ. ನ್ಯಾಯಾಲಯದಲ್ಲಿ ನೋಂದಾಯಿಸಿದ ಸಂಘದ ಹೆಸರಿನ ಕೊನೆಗೆ 'ಇ.ವಿ.' ಎಂದು ಸೇರುತ್ತದೆ. ಸಿವಿಲ್ ಸಂಹಿತೆಯ ಪ್ರಕಾರ ನೋಂದಣಿಗೆ ಕನಿಷ್ಠ 7 ಸದಸ್ಯರಿರಬೇಕು. ನಮ್ಮ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲೂ ಏಳು ಜನರ ಲೆಕ್ಕವೇ ಇದೆ ಎಂಬುದು ಕುತೂಹಲದ ಸಂಗತಿ. ಮುಂದೆ ಸದಸ್ಯರ ಸಂಖ್ಯೆ ಮೂರಕ್ಕಿಂತ ಕೆಳಗಿಳಿದರೆ ನೋಂದಣಿಯ ಮಾನ್ಯತೆ ಹೋಗುತ್ತದೆ.

ಬೈಲಾದಲ್ಲಿ, ಅಂದರೆ 'ಜಾಟ್ಸುಂಗ್'ನಲ್ಲಿ, ಸಂಘದ ಉದ್ದೇಶ, ಹೆಸರು, ಊರು ಮತ್ತು ನೋಂದಾಯಿಸುವ ಇಚ್ಛೆ ಇರಲೇಬೇಕು. ಸದಸ್ಯರು ಸೇರುವ-ಬಿಡುವ ಕ್ರಮ, ಚಂದಾ, ಕಾರ್ಯಕಾರಿ ಸಮಿತಿ, ಸರ್ವ ಸದಸ್ಯರ ಸಭೆ ಕರೆಯುವ ವಿಧಾನ ಇವನ್ನೂ ಬರೆಯಬೇಕು. ಅರ್ಜಿಯ ಮೇಲಿನ ಸಹಿಯನ್ನು 'ನೋಟಾರ್' ದೃಢೀಕರಿಸಬೇಕು. ಉಂಟರ್‌ಫ್ಯೋರಿಂಗ್‌ನ ಸಂಘವಾದರೆ ಅರ್ಜಿ ಹೋಗುವುದು ಮ್ಯೂನಿಕ್‌ನ 'ಆಮ್ಟ್ಸ್‌ಗೆರಿಷ್ಟ್' ನ್ಯಾಯಾಲಯಕ್ಕೆ. ಸಮಿತಿ ಬದಲಾದಾಗಲೆಲ್ಲ ಅಲ್ಲಿ ಹೆಸರು ಬದಲಾಯಿಸಬೇಕು. ಅಧ್ಯಕ್ಷರು ಊರು ಬಿಟ್ಟು ಎರಡು ವರ್ಷವಾಗಿದ್ದರೂ ದಾಖಲೆಯಲ್ಲಿ ಅವರ ಹೆಸರೇ ಉಳಿದಿದ್ದರೆ ಯಾವ ಒಪ್ಪಂದಕ್ಕೆ ಯಾರು ಸಹಿ ಹಾಕಬೇಕು ಎಂಬಲ್ಲೇ ಕೆಲಸ ನಿಂತುಹೋಗುತ್ತದೆ.

ಎರಡನೆಯ ಅರ್ಹತೆ: ಸಾರ್ವಜನಿಕ ಹಿತದ ಮಾನ್ಯತೆ

ನೋಂದಣಿಯಾದ ಮಾತ್ರಕ್ಕೆ ತೆರಿಗೆ ವಿನಾಯಿತಿ ಬರುವುದಿಲ್ಲ. ಇವು ಎರಡು ಬೇರೆ ಬೇರೆ ಮೆಟ್ಟಿಲುಗಳು. 'ಗೆಮೈನ್‌ನ್ಯುಟ್ಜಿಗ್', ಅಂದರೆ ಸಾರ್ವಜನಿಕ ಹಿತದ ಸಂಸ್ಥೆ, ಎಂಬ ಮಾನ್ಯತೆಯನ್ನು ಕೊಡುವುದು ತೆರಿಗೆ ಕಚೇರಿಯಾದ 'ಫಿನಾನ್ಜ್‌ಆಮ್ಟ್'. ಇದರ ನಿಯಮಗಳು ತೆರಿಗೆ ಸಂಹಿತೆಯ 51ರಿಂದ 68ರವರೆಗಿನ ಕಲಂಗಳಲ್ಲಿವೆ. ಸಾರಾಂಶ ಹೀಗಿದೆ:

- ಉದ್ದೇಶವು 52ನೇ ಕಲಮಿನ ಪಟ್ಟಿಯಲ್ಲಿರಬೇಕು. ಕಲೆ ಮತ್ತು ಸಂಸ್ಕೃತಿ, ಶಿಕ್ಷಣ, ಜನಾಂಗಗಳ ನಡುವಣ ಸಾಮರಸ್ಯ ಇವು ನಮ್ಮಂಥ ಸಂಘಗಳಿಗೆ ಹೊಂದುತ್ತವೆ.
- ಸಂಘದ ಹಣದಲ್ಲಿ ಸದಸ್ಯರು ಲಾಭ ಹಂಚಿಕೊಳ್ಳುವಂತಿಲ್ಲ. ಯಾರಿಗೂ ಮಿತಿಮೀರಿದ ಸಂಭಾವನೆ ಕೊಡುವಂತಿಲ್ಲ.
- ಸಂಘ ಮುಚ್ಚಿದರೆ ಉಳಿದ ಆಸ್ತಿ ಇನ್ನೊಂದು ಸಾರ್ವಜನಿಕ ಹಿತದ ಕೆಲಸಕ್ಕೇ ಹೋಗಬೇಕೆಂದು ಬೈಲಾದಲ್ಲಿ ಬರೆದಿರಬೇಕು.
- ಬೈಲಾದಲ್ಲಿ ಬರೆದಂತೆಯೇ ಸಂಘ ನಿಜವಾಗಿ ನಡೆಯುತ್ತಿರಬೇಕು.

ಮೂರನೆಯ ಅಂಶವನ್ನು ಹಗುರವಾಗಿ ನೋಡಬೇಡಿ. ಆಸ್ತಿಯ ಈ ಕಟ್ಟುಪಾಡನ್ನು ಮುಂದೆಂದಾದರೂ ಬದಲಾಯಿಸಿದರೆ ಹಿಂದಿನ 10 ವರ್ಷಗಳವರೆಗೆ ತೆರಿಗೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಬೈಲಾಗೆ ಬೇಕಾದ ಮಾದರಿ ವಾಕ್ಯಗಳು ತೆರಿಗೆ ಸಂಹಿತೆಯ ಅನುಬಂಧದಲ್ಲೇ ಇವೆ. ನೋಟಾರ್ ಬಳಿ ಹೋಗುವ ಮೊದಲು ಕರಡನ್ನು ಫಿನಾನ್ಜ್‌ಆಮ್ಟ್‌ಗೆ ಕಳುಹಿಸಿ ಅಭಿಪ್ರಾಯ ಪಡೆದರೆ ಎರಡೆರಡು ಸಲ ತಿದ್ದುವ ಖರ್ಚು ಉಳಿಯುತ್ತದೆ.

ಹೊಸ ಸಂಘಕ್ಕೆ ಮೊದಲು 60ಎ ಕಲಮಿನ ಆದೇಶ ಬರುತ್ತದೆ. ಲೆಕ್ಕಪತ್ರ ಪರಿಶೀಲನೆಯಾದ ಮೇಲೆ 'ಫ್ರೈಷ್ಟೆಲುಂಗ್ಸ್‌ಬೆಶೈಡ್' ಎಂಬ ವಿನಾಯಿತಿ ಆದೇಶ ಬರುತ್ತದೆ. ದೇಣಿಗೆ ರಸೀದಿ ಕೊಡಬೇಕಾದರೆ ಮೊದಲನೆಯದು 3 ವರ್ಷಕ್ಕಿಂತ, ಎರಡನೆಯದು 5 ವರ್ಷಕ್ಕಿಂತ ಹಳೆಯದಾಗಿರಬಾರದು. ಉಚಿತ ಸೇವೆ ಕೊಡುವವರು ಕೇಳುವ ಮೊದಲ ಕಾಗದವೂ ಸಾಮಾನ್ಯವಾಗಿ ಇದೇ. 2024ರ ಜನವರಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳ ಸಾರ್ವಜನಿಕ ಪಟ್ಟಿಯನ್ನು ಕೇಂದ್ರ ತೆರಿಗೆ ಕಚೇರಿ ಇಟ್ಟಿದೆ. ನಿಮ್ಮ ಸಂಘದ ಹೆಸರು ಅದರಲ್ಲಿ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಕನ್ನಡ ಸಂಘ 'ಸಾರ್ವಜನಿಕ'ವೇ?

ಇದೇ ಈ ವಿಷಯದ ತಿರುಳು. ಕನ್ನಡಿಗರು ಕನ್ನಡಿಗರಿಗಾಗಿ ಕಟ್ಟಿಕೊಂಡ ಸಂಘ ಸಾರ್ವಜನಿಕ ಹಿತದ್ದು ಹೇಗಾಗುತ್ತದೆ ಎಂದು ತೆರಿಗೆ ಅಧಿಕಾರಿಯೂ ಕೇಳಬಹುದು, ಉಚಿತವಾಗಿ ದುಡಿಯಲು ಬರುವ ಜರ್ಮನ್ ಪರಿಣತರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ.

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಒಂದು ಕುಟುಂಬಕ್ಕೆ, ಒಂದು ಕಂಪನಿಯ ನೌಕರರಿಗೆ, ಅಥವಾ ಎಂದೂ ದೊಡ್ಡದಾಗಲಾರದ ಸಣ್ಣ ಗುಂಪಿಗೆ ಮಾತ್ರ ಬಾಗಿಲು ತೆರೆದಿದ್ದರೆ ಅದು ಸಾರ್ವಜನಿಕವಲ್ಲ. ಸದಸ್ಯತ್ವಕ್ಕೆ ಹಾಕುವ ನಿರ್ಬಂಧಗಳ ಬಗ್ಗೆ ಜರ್ಮನಿಯ ಉನ್ನತ ತೆರಿಗೆ ನ್ಯಾಯಾಲಯ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ 2017ರ ಮೇ 17ರ ತೀರ್ಪು ಸಾಕ್ಷಿ. ಮಹಿಳೆಯರಿಗೆ ಸದಸ್ಯತ್ವ ಕೊಡದ ಫ್ರೀಮೇಸನ್ ಸಂಘವೊಂದಕ್ಕೆ ಈ ಮಾನ್ಯತೆ ಸಲ್ಲದು ಎಂದು ಅದು ಹೇಳಿತು.

ಹಾಗಾಗಿ 'ಕರ್ನಾಟಕ ಮೂಲದವರಿಗೆ ಮಾತ್ರ ಸದಸ್ಯತ್ವ' ಎಂದು ಬೈಲಾದಲ್ಲಿ ಬರೆಯುವುದು ನಮ್ಮ ಕಾಲಿನ ಮೇಲೆ ನಾವೇ ಕಲ್ಲು ಹಾಕಿಕೊಂಡಂತೆ. 'ಕನ್ನಡ ಭಾಷೆ, ಸಂಸ್ಕೃತಿಯಲ್ಲಿ ಆಸಕ್ತಿಯುಳ್ಳ ಯಾರು ಬೇಕಾದರೂ' ಎಂದರೆ ಬಾಗಿಲು ತೆರೆದಂತೆ. ಬರೆದರಷ್ಟೇ ಸಾಲದು. ಕಾರ್ಯಕ್ರಮದ ಆಮಂತ್ರಣ ಜರ್ಮನ್ ಭಾಷೆಯಲ್ಲೂ ಇರಲಿ. ಯಕ್ಷಗಾನವಾಗಲಿ ಸುಗಮ ಸಂಗೀತವಾಗಲಿ, ಎರಡು ಮಾತು ಜರ್ಮನ್‌ನಲ್ಲಿ ವಿವರಿಸಿ. ಕನ್ನಡ ತರಗತಿಗೆ ಅಳಿಯ-ಸೊಸೆಯಾಗಿ ಬಂದ ಜರ್ಮನರನ್ನೂ ಕರೆಯಿರಿ.

ಇನ್ನು ಹಬ್ಬದೂಟದ ಮಾತು. ಬರೀ ಸೇರಿ ಉಂಡು ನಗುವುದು ಎಷ್ಟೇ ಸಂತೋಷದ್ದಾದರೂ ಕಾನೂನಿನ ಕಣ್ಣಿಗೆ ಸಾರ್ವಜನಿಕ ಹಿತವಲ್ಲ. ಆದರೆ ಮುಖ್ಯ ಉದ್ದೇಶದ ಕೆಲಸಕ್ಕೆ ಹೋಲಿಸಿದರೆ ಚಿಕ್ಕದಾಗಿರುವ ಸ್ನೇಹಕೂಟಗಳಿಗೆ 58ನೇ ಕಲಂ ಅಡ್ಡಿ ಮಾಡುವುದಿಲ್ಲ. ಒಬ್ಬಟ್ಟು ಬಿಡಬೇಕಾಗಿಲ್ಲ, ಆದರೆ ವರ್ಷದ ವರದಿಯಲ್ಲಿ ಒಬ್ಬಟ್ಟಿಗಿಂತ ತರಗತಿ, ನಾಟಕ, ಉಪನ್ಯಾಸಗಳು ಹೆಚ್ಚು ಜಾಗ ಪಡೆಯಬೇಕು. ಆ ವರದಿ ಬರೆಯುವುದು ಮಾರ್ಚ್‌ನಲ್ಲಾದರೂ ಅದರೊಳಗಿನ ಕೆಲಸ ವರ್ಷವಿಡೀ ನಡೆದಿರಬೇಕು.

ಮೂರನೆಯ ಅರ್ಹತೆ: ಕೆಲಸ ಪಡೆಯುವ ಸಿದ್ಧತೆ

ಕಾಗದವೆಲ್ಲ ಸರಿಯಿದ್ದೂ ಅರ್ಜಿ ಬಿದ್ದುಹೋಗುವುದು ಇಲ್ಲಿ. 'ನಮಗೊಂದು ಜಾಲತಾಣ ಮಾಡಿಕೊಡಿ' ಎನ್ನುವುದು ಕೋರಿಕೆಯಾಯಿತೇ ಹೊರತು ಕೆಲಸದ ವಿವರವಾಗಲಿಲ್ಲ. ತಂತ್ರಾಂಶದ ಕೆಲಸದಲ್ಲಿರುವ ನಮಗೆಲ್ಲ ಇದು ದಿನನಿತ್ಯದ ಅನುಭವ. 'ಕನ್ನಡ ತರಗತಿಗೆ ಹೆಸರು ನೋಂದಾಯಿಸಲು, ಹಾಜರಿ ಇಡಲು, ಪಾಠದ ಹಾಳೆಗಳನ್ನು ಪೋಷಕರಿಗೆ ಕಳುಹಿಸಲು ಒಂದು ವ್ಯವಸ್ಥೆ ಬೇಕು. ಇದನ್ನು ಬಳಸುವವರು ಮೂವರು ಶಿಕ್ಷಕರು' ಎಂದರೆ ಎದುರಿಗಿರುವವರಿಗೆ ಕೆಲಸ ಕಾಣುತ್ತದೆ.

ಸೇವೆ ಕೊಡುವವರು ಸಾಮಾನ್ಯವಾಗಿ ತಿಳಿಯಬಯಸುವುದು ಇಷ್ಟು: ಸಂಘದ ಪರವಾಗಿ ಮಾತಾಡುವ ಒಬ್ಬ ವ್ಯಕ್ತಿ ಇದ್ದಾರೆಯೇ? ನಿರ್ಧಾರ ಕೈಗೊಳ್ಳುವವರು ಯಾರು? ಕೆಲಸ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು? ಕೊನೆಯ ಪ್ರಶ್ನೆಯೇ ಕಠಿಣ. ಸಮಿತಿ ಬದಲಾಗುತ್ತದೆ, ವೀಸಾ ಮುಗಿದವರು ಊರಿಗೆ ಹೋಗುತ್ತಾರೆ, ಪಾಸ್‌ವರ್ಡ್ ಅವರೊಡನೆ ಹೋಗುತ್ತದೆ. ಖಾತೆಗಳೆಲ್ಲ ಸಂಘದ ಹೆಸರಿನಲ್ಲಿರಬೇಕು, ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು.

ಸೇವೆ ಕೊಡುವ ನಮ್ಮವರಿಗೆ

ನಮ್ಮಲ್ಲಿ ಅನೇಕರು ಈ ಕಚೇರಿಗಳಲ್ಲೇ ದುಡಿಯುವವರು. ಪಡೆಯುವುದಷ್ಟೇ ಅಲ್ಲ, ಕೊಡಲೂ ಬಲ್ಲೆವು. ಆಗ ಗಮನಿಸಬೇಕಾದ ಕೆಲವು ವಿಷಯಗಳಿವೆ.

- ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮಿನ ಆರ್ಥಿಕ ಹಕ್ಕು ಜರ್ಮನಿಯ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕಂಪನಿಯದು. ಸಂಘದ ಕೆಲಸವನ್ನು ಸ್ವಂತ ಸಮಯದಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ ಮಾಡಿ, ಬಳಕೆಯ ಹಕ್ಕನ್ನು ಸಂಘಕ್ಕೆ ಬರಹದಲ್ಲಿ ಕೊಡಿ.
- 2018ರ ಮೇ 25ರಿಂದ ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಜಾರಿಯಲ್ಲಿದೆ. ಸದಸ್ಯರ ಪಟ್ಟಿಯನ್ನು ಹೊರಗಿನವರಿಗೆ ಒಪ್ಪಿಸಿ ಕೆಲಸ ಮಾಡಿಸುವುದಾದರೆ ಲಿಖಿತ ಒಪ್ಪಂದ ಬೇಕು.
- ಕೊಟ್ಟ ಸಮಯಕ್ಕೆ ದೇಣಿಗೆ ರಸೀದಿ ಸಿಗುವುದಿಲ್ಲ. ತಪ್ಪು ರಸೀದಿ ಕೊಟ್ಟವರು ಆ ಮೊತ್ತದ 30 ಪ್ರತಿಶತಕ್ಕೆ ಹೊಣೆಯಾಗಬೇಕಾದೀತು.
- ಕುಟುಂಬ, ನೆರೆಹೊರೆ, ಅಂಥ ಹತ್ತಿರದವರ ಹೊರಗೆ ಉಚಿತ ಕಾನೂನು ಸಲಹೆ ಕೊಡಬೇಕಾದರೆ ಅರ್ಹ ಕಾನೂನು ತಜ್ಞರ ಮಾರ್ಗದರ್ಶನ ಇರಲೇಬೇಕು.

ಕರ್ನಾಟಕದ ಸಂಸ್ಥೆಗಳೊಡನೆ

ಊರಿನ ಶಾಲೆಗೋ ಗ್ರಂಥಾಲಯಕ್ಕೋ ನೆರವಾಗುವ ಸಂಘಗಳು ಅಲ್ಲಿನ ಕಾಗದಗಳನ್ನೂ ತಿಳಿದಿರಬೇಕು. ನೋಂದಣಿಯ ಜೊತೆಗೆ ಜನ '12ಎ', '80ಜಿ' ಎಂದು ಕರೆಯುತ್ತ ಬಂದ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಬೇಕಾಗುತ್ತದೆ. ಭಾರತದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಯೋಜನೆ ನಡೆಸುವ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ಸಲ್ಲಿಸಬೇಕು. ನಾವು ಇಲ್ಲಿಂದ ಹಣ ಕಳುಹಿಸುವುದಾದರೆ ಆ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು, ಮತ್ತು 2020ರ ತಿದ್ದುಪಡಿಯಂತೆ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಅರ್ಜಿ ಹಾಕುವ ಮೊದಲು

1. ನ್ಯಾಯಾಲಯದ ದಾಖಲೆಯ ಹೊಸ ಪ್ರತಿ, ಈಗಿನ ಸಮಿತಿಯ ಹೆಸರುಗಳೊಂದಿಗೆ.
2. ಜಾರಿಯಲ್ಲಿರುವ ಬೈಲಾ.
3. ಅವಧಿ ಮೀರದ ತೆರಿಗೆ ಕಚೇರಿಯ ಆದೇಶ.
4. ಹಿಂದಿನ ವರ್ಷದ ಚಟುವಟಿಕೆಯ ವರದಿ ಮತ್ತು ಲೆಕ್ಕಪತ್ರ.
5. ಬೇಕಾದ ಕೆಲಸದ ಒಂದು ಪುಟದ ವಿವರ, ಜರ್ಮನ್ ಭಾಷೆಯಲ್ಲಿ.
6. ಸಂಘದ ಪರವಾಗಿ ಕೆಲಸ ನೋಡಿಕೊಳ್ಳುವ ಇಬ್ಬರ ಹೆಸರು.

ಪ್ರತಿ ಯೋಜನೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಅರ್ಜಿ ಹಾಕುವ ವರ್ಷದ ಸೂಚನೆಗಳನ್ನು ಓದಿಕೊಂಡೇ ಮುಂದುವರಿಯಿರಿ. ತೆರಿಗೆಯ ವಿಷಯದಲ್ಲಿ ಅನುಮಾನವಿದ್ದರೆ ಫಿನಾನ್ಜ್‌ಆಮ್ಟ್‌ನವರನ್ನೇ ಕೇಳುವುದು ಒಳ್ಳೆಯದು.

ಮ್ಯೂನಿಕ್‌ನಲ್ಲಿ ಬೆಳೆಯುವ ನಮ್ಮ ಮಕ್ಕಳು ವಾರಕ್ಕೊಮ್ಮೆ ಅ ಆ ಇ ಈ ಬರೆಯುವುದು ಸ್ವಯಂಸೇವಕರ ಬಲದಿಂದ. ಆ ತರಗತಿ ಹತ್ತು ವರ್ಷ ನಿಲ್ಲಬೇಕಾದರೆ ಒಬ್ಬಿಬ್ಬರ ಉತ್ಸಾಹ ಸಾಲದು, ಭದ್ರವಾದ ಸಂಘ ಬೇಕು. ಈ ಆರು ಕಾಗದಗಳನ್ನು ಒಂದು ಕಡತದಲ್ಲಿ ಸೇರಿಸಿಡುವುದು ಒಂದು ವಾರಾಂತ್ಯದ ಕೆಲಸ. ಮುಂದಿನ ಸಮಿತಿ ಸಭೆಯಲ್ಲೇ ಇದನ್ನು ಯಾರಿಗಾದರೂ ವಹಿಸಿಬಿಡಿ.

- ಸಂಘದ ಮಾಹಿತಿ ತಂಡ