ರೇಸ್ ಕೋರ್ಸು ಮತ್ತು ನಮ್ಮೂರು

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದವರು ನಮ್ಮ ಸಮಾಜ ಮೇಷ್ಟ್ರು. ಒಂಬತ್ತನೇ ತರಗತಿಯಲ್ಲಿ ಟಿಪ್ಪುವಿನ ಅಶ್ವದಳದ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಮೇಷ್ಟ್ರು ಓದಿ, "ಎಲ್ಲ ಸರಿ ಕಣೋ. ಆ ಕುದುರೆಗಳಿಗೆ ಹುರುಳಿ ಬೇಯಿಸಿ ಹಾಕ್ತಿದ್ದೋರು ಯಾರು? ಅದನ್ನ ಯಾಕೆ ಬರೀಲಿಲ್ಲ?" ಎಂದರು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ನಮ್ಮ ತಂದೆ ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಸೈಸ್ ಆಗಿದ್ದರು. ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಮೇಷ್ಟ್ರ ಆ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ.

ಕುಣಿಗಲ್ ಸೀಮೆಯವರಾದ ನಮಗೆ ಕುದುರೆ ಹೊಸದಲ್ಲ. ಪಟ್ಟಣದ ಪಕ್ಕದ ಕುದುರೆ ಫಾರಂ ಟಿಪ್ಪುವಿನ ಕಾಲದಲ್ಲಿ ಸೇನೆಗೆ ಕುದುರೆ ಒದಗಿಸುತ್ತಿತ್ತು. ಮುಂದೆ ಅದು ಬ್ರಿಟಿಷರ, ಮೈಸೂರು ಅರಸರ ಕೈ ದಾಟಿ ಸರ್ಕಾರದ ಸುಪರ್ದಿಗೆ ಬಂತು. 1992ರಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಡಲಾಯಿತು. ಯುದ್ಧದಲ್ಲಿ ಕುದುರೆಯ ಕಾಲ ಮುಗಿದ ಮೇಲೆ ಇಲ್ಲಿ ಹುಟ್ಟಿದ ಮರಿಗಳು ರೇಸಿಗೆ ಹೋದವು.

ಬೆಂಗಳೂರಿಗೆ ರೇಸು ಬಂದದ್ದು ದಂಡಿನ ಬ್ರಿಟಿಷರ ಜೊತೆಗೆ. ಹೈಗ್ರೌಂಡ್ಸಿನ ಈಗಿನ ಸಂಸ್ಥೆಯ ಬೇರು 1920ರ ದಶಕದ್ದು. ಬೆಂಗಳೂರು ಟರ್ಫ್ ಕ್ಲಬ್ ಎಂದು ಅದು ಕಂಪನಿಯಾದದ್ದು 1962ರಲ್ಲಿ. ಸುಮಾರು 85 ಎಕರೆಯ ಆ ನೆಲ ಸರ್ಕಾರದ್ದು. ರೇಸ್ ನಡೆಸಲು 1952ರ ಕಾಯ್ದೆಯಂತೆ ಸರ್ಕಾರದ ಲೈಸೆನ್ಸ್ ಬೇಕು. ಬಾಜಿಯ ಮೇಲಿನ ತೆರಿಗೆಗೆ ಮೈಸೂರು ಸಂಸ್ಥಾನದಲ್ಲಿ 1932ರಲ್ಲೇ ಕಾಯ್ದೆಯಾಗಿತ್ತು.

ಜುಲೈ ತಿಂಗಳ ಡರ್ಬಿಯ ದಿನ ಪತ್ರಿಕೆಗಳಲ್ಲಿ ಕಾಣುವುದು ಕುದುರೆಯ ಮಾಲೀಕರು, ಜಾಕಿ, ಬೆಳ್ಳಿಯ ಕಪ್ಪು. ತಂದೆಯವರ ದಿನ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುತ್ತಿತ್ತು. ಲಾಯ ಗುಡಿಸಿ, ಮೈ ಉಜ್ಜಿ, ಬೆಳಕು ಹರಿಯುವ ಮೊದಲೇ ಕುದುರೆಯನ್ನು ತಾಲೀಮಿಗೆ ಕರೆದೊಯ್ಯಬೇಕು. ಕಾಲು ಬಿಸಿಯಾಗಿದೆಯೇ ಎಂದು ಕೈಯಿಟ್ಟು ನೋಡಿ ಹೇಳಬೇಕು. ಲಾಳ ಹೊಡೆಯುವವರು, ಪಶುವೈದ್ಯರು, ತರಬೇತುದಾರರು, ಹುಲ್ಲು ತರುವವರು, ಕಾವಲುಗಾರರು ಹೀಗೆ ಗೋಡೆಯೊಳಗೆ ಒಂದು ಊರೇ ಇತ್ತು. ಅಲ್ಲಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಮನಿಯಾರ್ಡರಿನಲ್ಲೇ ನನ್ನ ಪರೀಕ್ಷಾ ಶುಲ್ಕ ಕಟ್ಟಿದ್ದು.

ಇದು ಒಂದು ಮುಖ. ಇನ್ನೊಂದನ್ನು ಬಿಟ್ಟರೆ ಮೇಷ್ಟ್ರು ಒಪ್ಪುವುದಿಲ್ಲ. ನಮ್ಮೂರಿನವರೇ ಒಬ್ಬರು ರೇಸಿನ ಹುಚ್ಚು ಹಿಡಿಸಿಕೊಂಡು, ಯಾವನೋ ಕಳ್ಳ ಬುಕ್ಕಿಯ ಕೈಗೆ ದುಡ್ಡು ಸುರಿದು, ಎರಡು ಎಕರೆ ರಾಗಿ ಹೊಲ ಮಾರಿದರು. ಅವರ ಮಗ ನನ್ನ ಸಹಪಾಠಿ. ಹತ್ತನೇ ತರಗತಿಗೆ ಬರಲೇ ಇಲ್ಲ. ತಂದೆ ಒಂದು ದಿನವೂ ಬಾಜಿ ಕಟ್ಟಿದವರಲ್ಲ. "ಕುದುರೆ ಮೇಲೆ ಕೈ ಆಡಿಸ್ತೀನಿ, ದುಡ್ಡು ಆಡಿಸಲ್ಲ" ಎನ್ನುತ್ತಿದ್ದರು.

ತಮಿಳುನಾಡು ಸರ್ಕಾರ 1974ರಲ್ಲಿ ರೇಸನ್ನು ನಿಲ್ಲಿಸಲು ಕಾಯ್ದೆ ತಂದಿತ್ತು. ಆ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಬರೀ ಅದೃಷ್ಟದ ಜೂಜಲ್ಲ ಎಂದಿತು. ಕುದುರೆಯ ತಳಿ, ತಾಲೀಮು, ಜಾಕಿಯ ಜಾಣ್ಮೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ ನಿಜ. ಆದರೆ ಆ ತೀರ್ಪು ಹೊಲ ಕಳೆದುಕೊಂಡವರಿಗೆ ಹೊಲ ತಂದುಕೊಡಲಿಲ್ಲ.

ರೇಸ್ ಕೋರ್ಸಿನ ನೆಲದ ಗುತ್ತಿಗೆ 2009ಕ್ಕೆ ಮುಗಿಯಿತು. ಅಲ್ಲಿ ಉದ್ಯಾನವಾಗಲಿ, ರೇಸು ಊರಾಚೆ ಹೋಗಲಿ ಎಂಬ ಮಾತು ಬಹಳ ವರ್ಷಗಳಿಂದ ಇದೆ. ಸಾರ್ವಜನಿಕರ ನೆಲ ಸಾರ್ವಜನಿಕರಿಗೆ ಸಿಗಬೇಕೆನ್ನುವುದು ನ್ಯಾಯವಾದ ಮಾತೇ. ಆದರೆ ತೀರ್ಮಾನ ಮಾಡುವ ಮೊದಲು ಲಾಯದವರ ಮಕ್ಕಳ ಓದು, ಮನೆ, ಕೂಲಿಯ ಲೆಕ್ಕವನ್ನೂ ಹಾಕಬೇಕು. ಕ್ಲಬ್ಬು ಉಳಿಯಬೇಕೆನ್ನುವವರು ಹೊಲ ಮಾರಿದವರ ಮನೆಗಳ ಲೆಕ್ಕವನ್ನೂ ಕೊಡಬೇಕು.

ಈಗ ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಜ್ಜ ಅಜ್ಜಿಯರು ಎಲ್ಲಿ, ಏನು ಕೆಲಸ ಮಾಡಿದರೆಂದು ಕೇಳಿ ಬರೆದಿಡಿ. ನಮ್ಮ ತಂದೆಯವರನ್ನು ನಾನು ವಿವರವಾಗಿ ಕೇಳಬೇಕೆಂದುಕೊಳ್ಳುವ ಹೊತ್ತಿಗೆ ಅವರಿರಲಿಲ್ಲ.